ಹಳದಿ ನೆತ್ತಿಯ ಇಲಿಗಳು

ಆ ಬುಧವಾರ ಬೆಳಿಗ್ಗೆ ಸೂರ್ಯ ಮೂಡಿದ್ದು ಯಾರಿಗೂ ತಿಳಿಯಲಿಲ್ಲ. ಗಣಪತಿ ಕೂತು ಎರಡು ದಿನವಾಗಿತ್ತು. ಭಾದ್ರಪದದ ಮೋಡ ಕಮಲಾಪುರದ ಮೇಲೆ ನೆನೆದ ಕಂಬಳಿಯಂತೆ ಜೋತುಬಿದ್ದಿತ್ತು. ಸುರಿಯುವ ಮಳೆಯಲ್ಲ, ನಿಂತ ಮಳೆಯೂ ಅಲ್ಲ. ಬಾಳೆಯ ಎಲೆಗಳ ಮೇಲೆ ಕೂತು, ಮನಸ್ಸು ಬಂದಾಗ ಒಂದು ಹನಿ ಬಿಡುವಂಥ ಜಿನುಗು. ಬಸ್ ನಿಲ್ದಾಣದಲ್ಲಿ ನಿಂತವರ ಮುಖಗಳು ಬೇರೆಬೇರೆಯಾಗಿ ಕಾಣುತ್ತಿರಲಿಲ್ಲ. ಜಯತೀರ್ಥನಿಗೆ ಆ ಮಬ್ಬು ಹಿಡಿಸಿತು. ಸಿಟ್ಟಿನಲ್ಲಿರುವವನಿಗೆ ದೇವರು ಸದಾ ತನ್ನ ಪಕ್ಷದಲ್ಲೇ ಇದ್ದಾನೆ ಎನಿಸುತ್ತದೆ. ಮೋಡವನ್ನೂ ಅವನು ಹಾಗೆಯೇ ಓದಿಕೊಂಡ.

ಕಲಬುರಗಿಯ ಮೊದಲ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಅಂಗಿಯ ಜೇಬನ್ನು ಮುಟ್ಟಿ ನೋಡಿಕೊಂಡ. ಕನ್ನಡಕದ ಡಬ್ಬಿ ಅಲ್ಲಿತ್ತು. ಅದರೊಳಗೆ ಕನ್ನಡಕವಿರಲಿಲ್ಲ, ಹತ್ತಿಯಲ್ಲಿ ಸುತ್ತಿದ ಒಂದು ಸಿರಿಂಜು ಇತ್ತು, ತುಂಬಿ ಸಿದ್ಧವಾಗಿದ್ದದ್ದು. ಅಂಗಿಯೊಳಗೆ ಜನಿವಾರಕ್ಕೆ ಕಟ್ಟಿದ ಹಿತ್ತಾಳೆಯ ಕೀಲಿಕೈ, ಬಸ್ಸು ಗುಂಡಿಗಿಳಿದಾಗಲೆಲ್ಲ ಎದೆಗೆ ತಣ್ಣಗೆ ತಾಗುತ್ತಿತ್ತು. ಅದು ಎಷ್ಟೋ ವರ್ಷಗಳ ಅಭ್ಯಾಸ. ಈಗ ಮೈಯದೇ ಒಂದು ಎಲುಬಿನಂತಾಗಿತ್ತು. ಅವನ ಲಕ್ಷ್ಯವೆಲ್ಲ ಒಂದು ಸಾಲಿನ ಮೇಲಿತ್ತು.

'ಇಲಿಗಳ ಆರೈಕೆಗಾಗಿ ಶ್ರೀ ಜಯತೀರ್ಥ ಹಾಗೂ ಶ್ರೀಮತಿ ಮಲ್ಕಮ್ಮ ಇವರಿಗೆ ಧನ್ಯವಾದಗಳು.'

ಮಲ್ಕಮ್ಮ ಪ್ರಯೋಗಶಾಲೆಯಲ್ಲಿ ಇಲಿಗಳ ಪಂಜರ ತೊಳೆಯುವವಳು, ಕಾಳು ಹಾಕುವವಳು. ಒಳ್ಳೆಯ ಹೆಂಗಸು. ಅವಳ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಆದರೆ ಆರು ವರ್ಷ ಕಣ್ಣು ಸವೆಸಿ ಒಂದು ಔಷಧವನ್ನು ಕಟ್ಟಿದವನ ಹೆಸರು, ಪ್ರಬಂಧದ ತಲೆಯ ಮೇಲೆ ಇರಬೇಕಾದದ್ದು, ಕಟ್ಟಕಡೆಯ ಪುಟದಲ್ಲಿ ಹೊಟ್ಟು-ಹಿಕ್ಕೆಗಳ ಲೆಕ್ಕದಲ್ಲಿ ಬಂದಿತ್ತು. ತಲೆಯ ಮೇಲೆ ಇದ್ದದ್ದು ಎರಡು ಹೆಸರು. ಒಂದು, ವಿಭಾಗದ ಮುಖ್ಯಸ್ಥರಾದ ಡಾಕ್ಟರ್ ತುಕಾರಾಮರದು. ಇನ್ನೊಂದು ಅವರ ಅಳಿಯ ವೆಂಕಟೇಶನದು. ಪುಣೆಯಲ್ಲಿದ್ದ ಆ ಅಳಿಯ ಈ ಇಲಿಗಳ ಬಾಲವನ್ನೂ ಕಂಡವನಲ್ಲ.

ಔಷಧ ಹುಟ್ಟಿದ್ದು ಜಯತೀರ್ಥನ ಮನೆಯ ದೇವರ ಕೋಣೆಯಲ್ಲಿ. ಅವನ ತಾಯಿ ಸಾವಿತ್ರೀಬಾಯಿಯ ಕೈ ನಡುಗತೊಡಗಿ, ಒಂದು ಸಂಜೆ ನಂದಾದೀಪ ಹಚ್ಚಲು ಹೋಗಿ ಕಡ್ಡಿಯನ್ನು ಸೀರೆಗೆ ತಾಗಿಸಿಕೊಂಡಿದ್ದಳು. ಬರಬರುತ್ತ ಕೈಯ ನಡುಕ ಕಾಲಿನ ಬಿಗಿತವಾಯಿತು. ಹೊಸ್ತಿಲ ಹತ್ತಿರ ಬಂದರೆ ಕಂಬದಂತೆ ನಿಂತುಬಿಡುವಳು. ಮಿದುಳಿನಲ್ಲಿ ಡೋಪಮಿನ್ ಎಂಬುದೊಂದು ರಸ ಬತ್ತಿದರೆ ಹೀಗಾಗುತ್ತದೆ ಎಂದು ವೈದ್ಯರು ಹೇಳಿದರು. ಆ ರಸವನ್ನು ನೇರವಾಗಿ ಕೊಟ್ಟರೆ ಮಿದುಳಿನ ಬಾಗಿಲು ತೆರೆಯುವುದಿಲ್ಲ. ಅದಕ್ಕೇ ಅದರ ತಾಯಿವಸ್ತುವನ್ನು, ಎಲ್-ಡೋಪಾವನ್ನು ಕೊಡುತ್ತಾರೆ. ಒಳಗೆ ಹೋದ ಮೇಲೆ ಅದು ರಸವಾಗುತ್ತದೆ. ಆದರೆ ಅದರ ಬಹುಪಾಲು ದಾರಿಯಲ್ಲೇ, ಮೈಯಲ್ಲೇ, ಖರ್ಚಾಗಿಹೋಗುತ್ತದೆ. ಅಮ್ಮನಿಗೆ ಗುಳಿಗೆ ನುಂಗಿದ ಸ್ವಲ್ಪ ಹೊತ್ತು ನಡಿಗೆ, ಉಳಿದ ದಿನವೆಲ್ಲ ವಾಂತಿ.

ನಸುಗುನ್ನಿಯ ಬೀಜದಲ್ಲಿ ಅದೇ ಎಲ್-ಡೋಪಾ ತಾನಾಗಿಯೇ ಇದೆ. ಕಮಲಾಪುರದ ಹೊಲದ ಬೇಲಿಗಳಿಂದ ಅಮೋಘಪ್ಪನೆಂಬ ರೈತ ಕೈಗೆ ಗೋಣಿ ಸುತ್ತಿಕೊಂಡು ಆ ಕಾಯಿ ಕಿತ್ತು ತಂದುಕೊಡುತ್ತಿದ್ದ. "ಇದನ್ನ ಮುಟ್ಟಿದ ಮಂದಿ ಕೆರಕೊಂಡು ಕೆರಕೊಂಡು ಕುಣೀತಾರ. ನೀವು ಇದ್ರಲೇ ನಿಂತವ್ರನ್ನ ನಡಸ್ತೀನಂತೀರಿ. ಖರೇ ಐತಿ ಬಿಡ್ರಿ ಆಚಾರ್ರ, ಯಾರಿಗರೆ ಒಂದು ಮುಷ್ಟಿ ಬೆನ್ನಾಗ ಹಾಕಿದ್ರ ಓಡ್ಯೇ ಓಡ್ತಾರ!" ಎಂದು ನಗುತ್ತಿದ್ದ. ಜಯತೀರ್ಥ ಆ ಬೀಜದಿಂದ ಎಲ್-ಡೋಪಾ ಬೇರ್ಪಡಿಸಿ, ಅದಕ್ಕೆ ರಸಾಯನದ ಒಂದು ಸಣ್ಣ ಬಾಲ ಜೋಡಿಸಿದ. ಬಾಲವಿದ್ದದ್ದರಿಂದ ಅದು ದಾರಿಯಲ್ಲಿ ಖರ್ಚಾಗದೆ ಮಿದುಳಿನವರೆಗೂ ಹೋಗಿ, ಅಲ್ಲಿ ಬಾಲ ಕಳಚಿಕೊಂಡು ರಸವಾಯಿತು.

ಇದನ್ನು ತೋರಿಸಿದ್ದು ಇಲಿಗಳು. ರಿಸರ್ಪಿನ್ ಎಂಬ ಮದ್ದು ಚುಚ್ಚಿದರೆ ಇಲಿಯ ಮಿದುಳಿನ ರಸ ಬರಿದಾಗಿ, ಅದು ಮರುದಿನ ಇಟ್ಟಲ್ಲೇ ಕಲ್ಲಾಗಿ ಕೂರುತ್ತದೆ. ಥೇಟ್ ಹೊಸ್ತಿಲ ಹತ್ತಿರದ ಅಮ್ಮ. ಆಮೇಲೆ ಜಯತೀರ್ಥನ ಔಷಧ ಕೊಟ್ಟರೆ ಮೊದಲು ಮೀಸೆ ಅಲುಗುತ್ತದೆ, ಆಮೇಲೆ ಮೂಗು, ಆಮೇಲೆ ಎದ್ದು ನಡೆಯುತ್ತದೆ. ಮೊದಲ ಸಲ ಹಾಗೆ ಇಲಿ ಎದ್ದ ದಿನ ಅವನು ಊರಿಗೆ ಓಡಿಹೋಗಿ ಹೇಳಿದ್ದ: "ಅವ್ವಾ, ನನ್ನ ಹೆಸರಿಲೇ ಒಂದು ಔಷಧ ಬರ್ತದ. ಮೊದಲನೇ ಗುಳಿಗಿ ನಿನಗ." ಸಾವಿತ್ರೀಬಾಯಿ ಬಾಯಿ ತೆರೆಯಲು ಒದ್ದಾಡಿ, "ನಿನ್ನ ಹೆಸರು... ನಿಮ್ಮಪ್ಪ ಇಟ್ಟದ್ದು," ಎಂದಿದ್ದಳು. ಅಷ್ಟೇ. ಆ ಹೆಸರನ್ನು ಈಗ ಹಿಕ್ಕೆಯಲ್ಲಿ ಎಸೆದಿದ್ದರು.

ಪ್ರಬಂಧದ ಕರಡು ನೋಡಿದ ದಿನ ಅವನು ತುಕಾರಾಮರ ಕೋಣೆಗೆ ನುಗ್ಗಿದ್ದ.

"ಸರ್, ಔಷಧ ನಂದು."

"ಔಷಧ ಸಂಸ್ಥಾದ್ದು, ಜಯತೀರ್ಥ. ಹಿರೇರ ಹೆಸರಿದ್ರ ದಿಲ್ಲಿಯವರು ಓದ್ತಾರ. ವೆಂಕಟೇಶ ಅಂಕಿಅಂಶ ನೋಡಿಕೊಟ್ಟಾನ."

"ಅಳಿಯಾ ಅಂತ ಸೀದಾ ಹೇಳ್ರಿ, ಅಂಕಿಅಂಶ ಯಾಕ."

"ನಾಲಿಗಿ ಬಿಗಿ ಹಿಡಿ."

"ನಂಗ ಆ ಧನ್ಯವಾದನೂ ಬ್ಯಾಡ. ತೆಗದುಹಾಕ್ರಿ. ಇಲಿ ಮೇಸಾಕ ಬಂದಾಂವ ಅಲ್ಲ ನಾ."

ತುಕಾರಾಮರು ಕಿಟಕಿಯ ಕಡೆ ತಿರುಗಿದರು. "ಹೋಗೂದಾದ್ರ ಕಪಾಟಿನ ಚಾವಿ ಕೊಟ್ಟು ಹೋಗು."

"ಊರಾಗ ಉಳದದ. ತಂದು ಕೊಡ್ತೀನಿ."

ಕೀಲಿಕೈ ಆಗಲೂ ಜನಿವಾರದಲ್ಲೇ ಇತ್ತು. ಅವನ ಕಪಾಟಿನಲ್ಲಿ ಸಣ್ಣ ತೂಕದ ಕಲ್ಲುಗಳು, ಗಾಜಿನ ಸಿರಿಂಜುಗಳು, ಬಣ್ಣದ ಬಾಟಲಿ, ಬೀಜದ ಪುಡಿ, ಅವನ ಒಂದು ಹಳೆಯ ಶಾಲು ಎಲ್ಲವೂ ಇದ್ದವು. ಇಲ್ಲದೆ ಪರದಾಡಲಿ, ಎಂದುಕೊಂಡ. ಸಣ್ಣ ಸೇಡು. ದೊಡ್ಡದು ಆಮೇಲೆ ಹೊಳೆಯಿತು.

ಹೊಳೆದದ್ದು ಹೀಗೆ. ಗಣಪತಿ ಹಬ್ಬ ಮುಗಿದ ಮೇಲಿನ ಬುಧವಾರ, ಸಂಶೋಧನೆಗೆ ಹಣ ಮಂಜೂರು ಮಾಡುವ ಸಮಿತಿಯವರು ಬರುವವರಿದ್ದರು. ಅವರ ಕಣ್ಣೆದುರಿಗೆ ಹತ್ತು ಇಲಿಗಳ ಪ್ರಯೋಗ. ಎಲ್ಲಕ್ಕೂ ಹಿಂದಿನ ಸಂಜೆಯೇ ರಿಸರ್ಪಿನ್ ಕೊಟ್ಟು ಕಲ್ಲಾಗಿಸುವುದು. ಬೆಳಿಗ್ಗೆ ಐದಕ್ಕೆ ಔಷಧ, ಐದಕ್ಕೆ ಬರೀ ನೀರು. ಔಷಧದವು ಏಳಬೇಕು, ನೀರಿನವು ಏಳಬಾರದು. ಎದ್ದರೆ ತುಕಾರಾಮರಿಗೆ ಹಣ, ಮಾನ, ಪದವಿ. ಏಳದಿದ್ದರೆ?

ಬಾಟಲಿ ಬದಲಿಸುವುದು ಮೂರ್ಖರ ಕೆಲಸ. ನೀರಿನ ಇಲಿಗಳು ಎದ್ದು ಕುಣಿದರೆ ಯಾರೋ ಕೈಯಾಡಿಸಿದ್ದಾರೆಂದು ಮಗುವಿಗೂ ತಿಳಿಯುತ್ತದೆ. ಇಲಿಗಳನ್ನು ಕೊಂದರೆ ತನಿಖೆ. ಔಷಧ ಕೆಡಿಸಿದರೆ ಅದನ್ನು ಮರುಪರೀಕ್ಷೆ ಮಾಡುತ್ತಾರೆ. ಜಯತೀರ್ಥ ಔಷಧವನ್ನೂ ಮುಟ್ಟುವುದಿಲ್ಲ, ಬಾಟಲಿಯನ್ನೂ ಮುಟ್ಟುವುದಿಲ್ಲ. ಅವನು ಮುಟ್ಟುವುದು ಔಷಧಕ್ಕೆ ಆರಿಸಿದ ಐದು ಇಲಿಗಳನ್ನು ಮಾತ್ರ. ಅವಕ್ಕೆ ಹ್ಯಾಲೋಪೆರಿಡಾಲ್, ಬುದ್ಧಿ ಕೆಟ್ಟವರನ್ನು ಶಾಂತ ಮಾಡಲು ಕೊಡುವ ಮದ್ದು. ಅದು ಮಿದುಳಿನ ರಸವನ್ನು ತೆಗೆಯುವುದಿಲ್ಲ. ರಸ ಹೋಗಿ ಮುಟ್ಟುವ ಬಾಗಿಲುಗಳಿಗೆ ಕೀಲಿ ಹಾಕುತ್ತದೆ. ಹಣತೆಯ ತುಂಬ ಎಣ್ಣೆ ಇರುತ್ತದೆ, ಬತ್ತಿ ಮಾತ್ರ ಉರಿಯುವುದಿಲ್ಲ.

ಇದರ ಚೆಂದವಿದ್ದದ್ದು ಆಮೇಲಿನ ಹೆಜ್ಜೆಯಲ್ಲಿ. ಪ್ರಯೋಗ ಮುಗಿದ ಮೇಲೆ ಇಲಿಗಳ ಮಿದುಳು ತೆಗೆದು ಡೋಪಮಿನ್ ಅಳೆಯುತ್ತಾರೆ. ಅಲ್ಲಿ ರಸ ಸಮೃದ್ಧವಾಗಿ ಸಿಗುತ್ತದೆ. ಔಷಧ ಮಿದುಳನ್ನು ಸೇರಿದೆ, ಆದರೂ ಇಲಿ ಎದ್ದಿಲ್ಲ! ಔಷಧ ಕೆಟ್ಟಿತ್ತು ಎನ್ನಲು ಬರುವುದಿಲ್ಲ, ಸೂಜಿ ತಪ್ಪಿತು ಎನ್ನಲು ಬರುವುದಿಲ್ಲ. ತುಕಾರಾಮರ ಸಿದ್ಧಾಂತವೇ ಸುಳ್ಳು ಎಂದು ಅವರದೇ ಪ್ರಯೋಗ ಸಾರಿ ಹೇಳುತ್ತದೆ. ಕಡತ ಮುಚ್ಚಿಹೋಗುತ್ತದೆ. ಒಂದೆರಡು ವರ್ಷ ಬಿಟ್ಟು ಹೈದರಾಬಾದಿನ ಯಾವುದಾದರೂ ಕಂಪನಿಯಲ್ಲಿ ಕೂತು ಜಯತೀರ್ಥ ಅದೇ ಔಷಧವನ್ನು ಹೊರತರುತ್ತಾನೆ. ಅವನ ಹೆಸರಿನಲ್ಲಿ.

ಆ ಐದನ್ನು ಗುರುತಿಸುವುದು ಸುಲಭ. ಬಿಳಿ ಇಲಿಗಳು ಒಂದರಂತೆ ಒಂದು. ಔಷಧದ ಇಲಿಗೆ ನೆತ್ತಿಯ ಮೇಲೆ ಹಳದಿ ಬಣ್ಣದ ಬೊಟ್ಟು, ನೀರಿನದಕ್ಕೆ ಏನೂ ಇಲ್ಲ. ಆ ಪದ್ಧತಿಯನ್ನು ಪ್ರಯೋಗಶಾಲೆಗೆ ತಂದವನೇ ಅವನು. "ಚೀಟಿ ಸುಳ್ಳು ಹೇಳ್ತದ, ಪಂಜರ ಅದಲಿಬದಲಿ ಆಗ್ತದ. ಮೈಮ್ಯಾಲಿನ ಗುರ್ತು ಸುಳ್ಳು ಹೇಳೂದಿಲ್ಲ" ಎಂದು ಎಲ್ಲರಿಗೂ ಕಲಿಸಿದ್ದ.

ಬಸ್ಸು ಕಲಬುರಗಿ ಮುಟ್ಟಿದಾಗ ಮೋಡ ಇನ್ನೂ ಕೆಳಗಿಳಿದಿತ್ತು. ಆಟೋದಲ್ಲಿ ಸೇಡಂ ರಸ್ತೆಗೆ ಬಂದು, ತಾಯಿಯ ಗುಳಿಗೆಗಾಗಿ ಆಸ್ಪತ್ರೆಯ ಸಾಲಿನಲ್ಲಿ ನಿಂತ. ಪ್ರಯೋಗಶಾಲೆ ಅದರ ಹಿಂದಿನ ಓಣಿಯಲ್ಲಿ. ಚೀಟಿಯ ಕಿಟಕಿ ಇನ್ನೂ ತೆರೆದಿರಲಿಲ್ಲ. ಸಾಲಿನಲ್ಲಿ ಮನುಷ್ಯರಿಗಿಂತ ಹೆಚ್ಚಾಗಿ ಚಪ್ಪಲಿಗಳು, ಚೀಲಗಳು, ಒಂದು ಕಡೆ ಇಟ್ಟಿಗೆಯೂ ನಿಂತಿದ್ದವು. ಒಡೆಯರು ಚಹಾ ಕುಡಿಯಲು ಹೋಗಿದ್ದರು. ಜಯತೀರ್ಥ ತನ್ನ ಚಪ್ಪಲಿಗಳನ್ನು ಜೋಡಿಸಿಟ್ಟು ಹಿಂದಿದ್ದ ಮುದುಕನಿಗೆ, "ಸಾಹೇಬ್ರ, ಸ್ವಲ್ಪ ನೋಡ್ಕೋರಿ. ಚಾ ಕುಡದು ಬರ್ತೀನಿ," ಎಂದ.

ಬುರ್ಹಾನುದ್ದೀನ್ ಎಂಬ ಆ ಮುದುಕ ಹಲ್ಲಿಲ್ಲದ ಬಾಯಲ್ಲಿ ನಕ್ಕ. "ಹೋಗಿ ಬರ್ರಿ ಆಚಾರ್ರ. ಬರಿಗಾಲಾಗ ಹೊಂಟೀರಿ, ದೇವರಿಗೆ ಹೊಂಟಂಗ ಕಾಣ್ತೀರಿ. ನಿಮ್ಮ ಚಪ್ಲಿ ನನಗಿಂತ ಮುಂದ ಅವ. ಅವನ್ನೇ ಡಾಕ್ಟ್ರು ನೋಡಿದ್ರ ನಾ ಜವಾಬ್ದಾರ ಅಲ್ಲ!"

ಜಯತೀರ್ಥ ಕೂಡ ನಕ್ಕ. ಯಾರಾದರೂ ಕೇಳಿದರೆ, ಬೆಳಿಗ್ಗೆಯೆಲ್ಲ ಅವನು ಆಸ್ಪತ್ರೆಯ ಸಾಲಿನಲ್ಲಿದ್ದ. ಅವನ ಚಪ್ಪಲಿಗಳೇ ಸಾಕ್ಷಿ, ಮುದುಕ ಜಾಮೀನು. ತಾಯಿಯ ರೋಗದ ಸಾಲಿನಲ್ಲಿ ನಿಂತ ಮಗನನ್ನು ಯಾರು ಅನುಮಾನಿಸುತ್ತಾರೆ?

ಓಣಿಯ ಕಡೆಯ ಗೋಡೆ ಒಡೆದು ವರ್ಷವಾಗಿತ್ತು. ಇಲಿಮನೆಯ ಕೀಲಿಕೈ ಎಂದಿನಂತೆ ಬಾಗಿಲ ಮೇಲಿನ ಗಣಪತಿ ಪಟದ ಹಿಂದೆ ಇತ್ತು. ಇಲಿ ಕದಿಯಲು ಯಾರು ಬರುತ್ತಾರೆ ಎಂದು ಎಲ್ಲರೂ ಅಲ್ಲೇ ಇಡುತ್ತಿದ್ದರು. ಒಳಗೆ ಕರೆಂಟಿರಲಿಲ್ಲ. ಮೇಲಿನ ಗಾಜಿನಿಂದ ಬೂದಿಯಂಥ ಬೆಳಕು ಇಳಿಯುತ್ತಿತ್ತು. ಇಲಿಮನೆಯ ನಾತದೊಂದಿಗೆ ಊದುಬತ್ತಿಯ ವಾಸನೆಯೂ ಬೆರೆತಿತ್ತು. ಕಾಲಿಗೆ ಒಂದು ಬಾಡಿದ ಚೆಂಡುಹೂವು ಸಿಕ್ಕಿತು. ಮೂಲೆಯಲ್ಲಿ ಅರ್ಧ ತಿಂದ ಕಡುಬು ಬಿದ್ದಿತ್ತು. ಮಲ್ಕಮ್ಮ ಇಲ್ಲಿಯೂ ಹಬ್ಬ ಮಾಡಿದ್ದಾಳೆ ಎಂದುಕೊಂಡು ಹೂವನ್ನು ಕಾಲಿನಿಂದ ಬದಿಗೆ ಸರಿಸಿದ. ಪ್ರಯೋಗಶಾಲೆಯನ್ನು ಗುಡಿ ಮಾಡಿಟ್ಟಿದ್ದಾರೆ, ಧನ್ಯವಾದಕ್ಕೆ ತಕ್ಕವರೇ.

ದೊಡ್ಡ ಪೆಟ್ಟಿಗೆಯೊಂದರಲ್ಲಿ ಹತ್ತೂ ಇಲಿಗಳು ಕೂತಿದ್ದವು. ಬೆನ್ನು ಗೂನಿಸಿ, ಕಣ್ಣು ಅರೆಮುಚ್ಚಿ, ಒಂದೂ ಅಲುಗದೆ. ಐದರ ನೆತ್ತಿ ಬಿಳಿ. ಐದರ ನೆತ್ತಿಯ ಮೇಲೆ ಹಳದಿ.

ಮೊದಲನೆಯ ಹಳದಿ ನೆತ್ತಿಯದನ್ನು ಎತ್ತಿಕೊಂಡ. ಅಂಗೈಯಲ್ಲಿ ಅದು ಹೇಗೆ ಇಟ್ಟರೆ ಹಾಗೆ ಕೂತಿತು. ಒಂದು ಕಾಲನ್ನು ಎತ್ತಿಟ್ಟರೆ ಎತ್ತಿದ ಹಾಗೇ ಉಳಿಯಿತು. ಒಳಗೆ ಹೃದಯ ಮಾತ್ರ ಹುಚ್ಚುಹಿಡಿದಂತೆ ಹೊಡೆದುಕೊಳ್ಳುತ್ತಿತ್ತು. ಇದು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದೆ, ಏಳಲಾರದು ಅಷ್ಟೇ ಎಂದು ಒಂದು ಕ್ಷಣ ಅನಿಸಿತು. ಸಾವಿತ್ರೀಬಾಯಿಯ ಕಣ್ಣುಗಳು ನೆನಪಾದವು. ಮನುಷ್ಯನೊಳಗೆ ಇಂಥ ಹೊತ್ತಿನಲ್ಲಿ ಒಂದು ಬಾಗಿಲು ತೆರೆಯುತ್ತದೆ. ಒಳಗೆ ಹೋಗಬಹುದು, ಹೋಗದಿರಬಹುದು. ಜಯತೀರ್ಥ ಆ ಸಾಲನ್ನು ನೆನೆದ. ಇಲಿಗಳ ಆರೈಕೆಗಾಗಿ. ಬಾಗಿಲು ಮುಚ್ಚಿತು. "ಆರೈಕೆ ಮಾಡ್ತೀನಿ, ನೋಡ್ರಿ ಸರ್," ಎಂದು ಹಲ್ಲು ಕಚ್ಚಿ, ಐದಕ್ಕೂ ಸೂಜಿ ಚುಚ್ಚಿದ. ಎರಡು ಸಲ ಔಷಧ ಕೊಟ್ಟರೂ ಏಳದಷ್ಟು ಪ್ರಮಾಣ. ಪ್ರತಿಯೊಂದನ್ನೂ ಇದ್ದ ಜಾಗದಲ್ಲೇ, ಇದ್ದ ಭಂಗಿಯಲ್ಲೇ ಕೂರಿಸಿದ. ಕಲ್ಲಾದದ್ದರ ಮೇಲೆ ಇನ್ನೊಂದು ಕಲ್ಲು. ಯಾರ ಕಣ್ಣಿಗೂ ವ್ಯತ್ಯಾಸ ಕಾಣುವಂತಿರಲಿಲ್ಲ.

ಸಾಲಿಗೆ ಮರಳಿದಾಗ ಚಪ್ಪಲಿಗಳು ನಾಲ್ಕು ಹೆಜ್ಜೆ ಮುಂದೆ ನಡೆದಿದ್ದವು. "ನಾನೇ ಕಾಲಿಲೇ ದೂಡಕೋತ ಬಂದೀನಿ," ಎಂದ ಬುರ್ಹಾನುದ್ದೀನ್. "ಭಾರಿ ಲಂಬಾ ಚಾ ಕುಡದ್ರಿ, ಆಚಾರ್ರ." ಗುಳಿಗೆ ಪಡೆದು, ಸಿರಿಂಜನ್ನು ಆಸ್ಪತ್ರೆಯ ಕಸದ ಬುಟ್ಟಿಯಲ್ಲಿ, ಅಂಥವೇ ನೂರರ ನಡುವೆ ಹಾಕಿದ. ಎಲ್ಲವೂ ಮುಗಿದಿತ್ತು. ಈಗ ಉಳಿದದ್ದು ನೋಡುವ ಸುಖ.

ನೋಡಲು ಹೋಗಬಾರದೆಂದು ಅವನ ಲೆಕ್ಕಾಚಾರ ಹೇಳಿತ್ತು. ಸಿಟ್ಟು ಹೋಗು ಎಂದಿತು. ಕಪಾಟಿನಲ್ಲಿದ್ದ ಶಾಲು ತೆಗೆದುಕೊಂಡು ಹೋಗಲು ಬಂದೆ ಎನ್ನಬಹುದು. ಹತ್ತು ಗಂಟೆಯ ಹೊತ್ತಿಗೆ ಅವನು ಪ್ರಯೋಗಶಾಲೆಯ ಬಾಗಿಲಲ್ಲಿದ್ದ. ಸಮಿತಿಯ ಮೂವರು ಕುರ್ಚಿಗಳಲ್ಲಿ ಕೂತಿದ್ದರು. ಇಲಿಗಳ ಪೆಟ್ಟಿಗೆ ಮೇಜಿನ ಮೇಲೆ. ಮಲ್ಕಮ್ಮ ಗೋಡೆಗೆ ಒರಗಿ ನಿಂತಿದ್ದಳು. ಅವನನ್ನು ನೋಡಿ ಅವಳ ಮುಖ ಅರಳಿತು.

"ಬಂದ್ರೇನ್ರಿ ಸರ! ಅವ್ವಾರು ಹ್ಯಾಂಗ ಅದಾರ?"

ಉತ್ತರ ಕೊಡುವ ಮೊದಲೇ ತುಕಾರಾಮರು ಎದ್ದು ಬಂದರು. ಬೈಯುತ್ತಾರೆಂದು ಜಯತೀರ್ಥ ಮೈ ಗಟ್ಟಿಮಾಡಿಕೊಂಡ. ಅವರು ಅವನ ಭುಜ ಹಿಡಿದು ಸಮಿತಿಯ ಕಡೆ ತಿರುಗಿಸಿದರು. "ಇವನೇ ಜಯತೀರ್ಥ. ನಾ ಹೇಳಿದ್ನಲ್ಲ. ಔಷಧ ಇವನ ಕೈದು." ಆಮೇಲೆ ದನಿ ತಗ್ಗಿಸಿ, ಅವನಿಗೆ ಮಾತ್ರ ಕೇಳುವಂತೆ, "ನೀ ಅವತ್ತ ಬೈದು ಹೋದ ಮ್ಯಾಲ ನನಗ ಊಟ ರುಚಿ ಹತ್ತಲಿಲ್ಲ. ಮಗಳ ಮುಖ ನೋಡಿ ತಪ್ಪು ಮಾಡಿದ್ದೆ. ಚೌತಿ ದಿನ ಕುಂತು ತಿದ್ದೀನಿ. ನೋಡು," ಎಂದು ಒಂದು ಹಾಳೆಯನ್ನು ಮೇಜಿನ ಮೇಲೆ ಸರಿಸಿದರು.

ಪ್ರಬಂಧದ ಮೊದಲ ಪುಟ. ಮೊದಲ ಹೆಸರು ಅವನದು. ಕೆಳಗೆ ತುಕಾರಾಮರದು. ವೆಂಕಟೇಶನ ಹೆಸರು ಇರಲೇ ಇಲ್ಲ.

ಜಯತೀರ್ಥ ಆ ಹೆಸರನ್ನು ನೋಡುತ್ತ ನಿಂತ. ಅಪ್ಪ ಇಟ್ಟ ಹೆಸರು. ಇನ್ನು ಸ್ವಲ್ಪ ಹೊತ್ತಿಗೆ ಇದೇ ಹೆಸರಿನ ಔಷಧ ಎಲ್ಲರ ಕಣ್ಣೆದುರು ಸುಳ್ಳಾಗುತ್ತದೆ. ತಾನೇ, ತನ್ನ ಕೈಯಾರೆ, ಬೆಳಿಗ್ಗೆಯೇ ಅದಕ್ಕೆ ಕೀಲಿ ಹಾಕಿ ಬಂದಿದ್ದಾನೆ. ಅವನಿಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಮತ್ತೂ ಸಿಟ್ಟು. ಇದನ್ನು ಮೊದಲೇ ಹೇಳಲು ಈ ಮುದುಕನಿಗೆ ಏನಾಗಿತ್ತು? ಒಂದು ಮಾತು ಕಳಿಸಿದ್ದರೆ ಆಗುತ್ತಿರಲಿಲ್ಲವೇ? ಅಷ್ಟರಲ್ಲಿ ತುಕಾರಾಮರು ಸಿರಿಂಜು ಎತ್ತಿಕೊಂಡಿದ್ದರು.

"ಸರ್, ತಡೀರಿ," ಎಂದ. "ಇವತ್ತ ಬ್ಯಾಡ. ಈ ಇಲಿ ಬ್ಯಾಡ."

"ಯಾಕೋ?"

"ಅವು... ಸೊರಗ್ಯಾವ. ಹಳದಿ ನೆತ್ತಿಯವು ಸೊರಗ್ಯಾವ. ಅವಕ್ಕ ಔಷಧ ಕೊಡಬ್ಯಾಡ್ರಿ. ಬ್ಯಾರೆ ಇಲಿ ತರೂಣು, ನಾಳೆ ಮಾಡೂಣು. ಕೈ ಮುಗೀತೀನಿ."

ತುಕಾರಾಮರು ಅವನನ್ನು ವಿಚಿತ್ರವಾಗಿ ನೋಡಿದರು. "ಅವಕ್ಕ ಯಾರು ಔಷಧ ಕೊಡ್ತಾರೋ? ಅವು ನೀರಿನವು." ಹಾಗೆಂದು ಬಿಳಿ ನೆತ್ತಿಯ ಐದನ್ನು ಒಂದೊಂದಾಗಿ ಎತ್ತಿ ಔಷಧ ಚುಚ್ಚಿದರು. ಹಳದಿಯವಕ್ಕೆ ನೀರು.

ಜಯತೀರ್ಥನಿಗೆ ಏನೂ ತಿಳಿಯಲಿಲ್ಲ. ಪದ್ಧತಿ ತಿರುವುಮುರುವಾಗಿತ್ತು, ಹೇಗೋ ಗೊತ್ತಿಲ್ಲ. ಮಳೆ ಹನಿ ತಗಡಿನ ಮೇಲೆ ಬೀಳತೊಡಗಿತು. ಚಹಾ ಬಂತು. ಚಹಾ ಮುಗಿಯುವ ಹೊತ್ತಿಗೆ ಒಂದು ಬಿಳಿ ನೆತ್ತಿಯದರ ಮೀಸೆ ಅಲುಗಿತು. ಆಮೇಲೆ ಮೂಗು. ಆಮೇಲೆ ಅದು ಎದ್ದು, ಪೆಟ್ಟಿಗೆಯ ಅಂಚಿನವರೆಗೆ ನಡೆದು, ಹಿಂಗಾಲ ಮೇಲೆ ನಿಂತು ಎಲ್ಲರನ್ನೂ ನೋಡಿತು. ಒಂದಾದ ಮೇಲೊಂದು ಐದೂ ಎದ್ದವು. ಸಮಿತಿಯವರು ಕುರ್ಚಿ ಬಿಟ್ಟು ಬಂದರು. ಮಲ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು, "ಎದ್ವು ರೀ, ಎದ್ವು! ನನ್ನಪ್ಪಾ, ಹ್ಯಾಂಗ ಓಡಾಡಾಕತ್ತಾವ ನೋಡ್ರಿ!" ಎಂದಳು.

ಉಳಿಯಿತು. ಹೆಸರು ಉಳಿಯಿತು! ತಪ್ಪು ಇಲಿಗಳಿಗೆ ಚುಚ್ಚಿದ್ದೆ. ಏಳಬಾರದವು ಇನ್ನಷ್ಟು ಏಳಲಾರವು, ಅಷ್ಟೇ. ಜಯತೀರ್ಥನ ಕಣ್ಣಲ್ಲಿ ನೀರು ಬಂತು. ಶ್ರೀಹರಿ ತನ್ನನ್ನು ತನ್ನಿಂದಲೇ ಕಾಪಾಡಿದನೆಂದುಕೊಂಡ. ಸಂಜೆ ಊರಿಗೆ ಹೋಗಿ ಅಮ್ಮನ ಕಾಲಿಗೆ ಬೀಳಬೇಕು.

"ಬಹಳ ಚೆನ್ನಾಗಿದೆ," ಎಂದರು ಸಮಿತಿಯ ಹಿರಿಯ ಡಾಕ್ಟರಮ್ಮ, ಹಳದಿ ನೆತ್ತಿಯ ಐದನ್ನು ತೋರಿಸುತ್ತ. "ಈಗ ಅದೇ ಔಷಧ ಇವಕ್ಕೂ ಕೊಡಿ. ಇವೂ ಎದ್ದರೆ ನಾವು ಇನ್ನೇನೂ ಕೇಳುವುದಿಲ್ಲ."

ತುಕಾರಾಮರು ಉತ್ಸಾಹದಿಂದ ಕೊಟ್ಟರು. ಎಲ್ಲರೂ ಕಾದರು. ಮಳೆ ಜೋರಾಗಿ, ಮತ್ತೆ ನಿಂತಿತು. ಒಂದು ಮೀಸೆಯೂ ಅಲುಗಲಿಲ್ಲ. ಇನ್ನೊಮ್ಮೆ ಕೊಟ್ಟರು. ಐದೂ ಕಲ್ಲು. ಎದ್ದ ಇಲಿಗಳು ಅವುಗಳ ಬೆನ್ನ ಮೇಲೆ ಹತ್ತಿ ಇಳಿದು ಆಡುತ್ತಿದ್ದವು. ತುಕಾರಾಮರು ಒಂದು ಹಳದಿ ನೆತ್ತಿಯದನ್ನು ಎತ್ತಿ, ಅಂಗೈಯಲ್ಲಿ ಬಹಳ ಹೊತ್ತು ಹಿಡಿದುಕೊಂಡರು. ಬೆರಳಿನಿಂದ ಕೂದಲು ಸರಿಸಿ ತೊಡೆಯನ್ನು ನೋಡಿದರು. ಅಲ್ಲಿ ಒಣಗಿದ ರಕ್ತದ ಸಣ್ಣ ಚುಕ್ಕೆಯೊಂದಿತ್ತು. ಅವರು ಅಲ್ಲಿ ಯಾವತ್ತೂ ಚುಚ್ಚುತ್ತಿರಲಿಲ್ಲ. ನಿಧಾನವಾಗಿ ತಲೆಯೆತ್ತಿ ಜಯತೀರ್ಥನನ್ನು ನೋಡಿದರು. 'ಹಳದಿ ನೆತ್ತಿಯವಕ್ಕ ಔಷಧ ಕೊಡಬ್ಯಾಡ್ರಿ.' ಆ ಮಾತು ಕೋಣೆಯಲ್ಲಿ ಇನ್ನೂ ಇತ್ತು.

ಮಲ್ಕಮ್ಮ ಹೆದರಿ ಮುಂದೆ ಬಂದಳು. "ನನ್ನಿಂದೇನರೆ ತಪ್ಪಾತೇನ್ರಿ ಸಾಹೇಬ್ರ? ಅರಿಶಿಣ ಹಚ್ಚಿದಾಕಿ ನಾನೇ. ನಿನ್ನಿ ನಮ್ಮ ತವರಮನಿ ಇಲಿವಾರ ಇತ್ತು. ಮಗ್ಗದ ಮಂದಿ ನಾವು. ಗಣಪತಿ ಮರುದಿನ ಇಲಿಗಿ ಎಡಿ ಹಿಡೀದೆ ನೂಲು ಮುಟ್ಟಂಗಿಲ್ರಿ. ಈ ಐದಕ್ಕ ಬರೇ ನೀರು ಅಂತ ನೀವು ತೆಗದಿಟ್ಟಿದ್ರಿ. ಅವಕ್ಕಾದ್ರ ಔಷಧ ಸಿಗ್ತದ, ಇವಕ್ಕೇನದ ಪಾಪ? ಇವಕ್ಕರೆ ದೇವರ ಅರಿಶಿಣ ಇರ್ಲಿ ಅಂತ ನೆತ್ತಿಗಿ ಹಚ್ಚಿದೆ. ನೀವೂ ಹೂಂ ಅಂದಿದ್ರಿ."

"ಹೂಂ ಅಂದೀನಿ, ಮಲ್ಕಮ್ಮ. ನಿನ್ನ ತಪ್ಪಿಲ್ಲ," ಎಂದರು ತುಕಾರಾಮರು. ಕಣ್ಣು ಜಯತೀರ್ಥನ ಮೇಲೇ ಇತ್ತು. "ಇದೇ ಗುರ್ತು ಇರ್ಲಿ ಅಂತನೂ ಅಂದೀನಿ. ಬ್ಯಾರೆ ಗುರ್ತು ಮಾಡಾಕ ನಮ್ಮ ಹತ್ರ ಏನಿತ್ತು?" ಅಷ್ಟು ಹೇಳಿ, ಖಾಲಿಯಾಗಿದ್ದ ಇನ್ನೊಂದು ಅಂಗೈಯನ್ನು ಅವನ ಮುಂದೆ ಚಾಚಿದರು.

ಏನು ಕೇಳುತ್ತಿದ್ದಾರೆಂದು ಜಯತೀರ್ಥನಿಗೆ ಒಡನೆ ಹೊಳೆಯಲಿಲ್ಲ. ಅವನು ಎಲ್ಲವನ್ನೂ ಎಣಿಸಿದ್ದ: ಮೋಡ, ಸಾಲು, ಚಪ್ಪಲಿ, ಪಟದ ಹಿಂದಿನ ಕೀಲಿಕೈ, ಮಿದುಳಿನ ರಸ, ಮುಂದಿನ ಎರಡು ವರ್ಷ. ಆಮೇಲೆ ಎದೆಯ ಮೇಲೆ ತಣ್ಣಗಿನದೇನೋ ಮಿಸುಕಿತು. ಹಳದಿ ಬಣ್ಣದ ಬಾಟಲಿ, ಇಲಿಗಳಿಗೆ ಗುರುತು ಹಾಕುವ ಇದ್ದೊಂದೇ ಬಾಟಲಿ, ಅವನ ಕಪಾಟಿನಲ್ಲಿತ್ತು. ಸಿಟ್ಟಿನಿಂದ ಅವನು ಕೀಲಿ ಹಾಕಿಕೊಂಡು ಹೋದ ದಿನದಿಂದ ಈ ಪ್ರಯೋಗಶಾಲೆಯಲ್ಲಿ ಯಾರೂ ಯಾವ ಇಲಿಗೂ ಬಣ್ಣ ಹಚ್ಚುವಂತಿರಲಿಲ್ಲ. ಮಬ್ಬಿನಲ್ಲಿ ಆ ಹಳದಿಯನ್ನು ನಂಬಿ ಅವನು ಸೂಜಿ ಚುಚ್ಚುತ್ತಿದ್ದಾಗ, ಅದು ಬಣ್ಣವಲ್ಲ ಎಂಬುದಕ್ಕೆ ಸಾಕ್ಷಿ ಅವನ ಜನಿವಾರದಲ್ಲೇ ತೂಗುತ್ತಿತ್ತು. ಅವನು ಅಂಗಿಯ ಗುಂಡಿ ಬಿಚ್ಚಿದ. ಗಂಟು ಬಿಗಿಯಾಗಿತ್ತು, ಬೆರಳುಗಳು ಅಮ್ಮನ ಬೆರಳುಗಳಂತೆ ನಡುಗುತ್ತಿದ್ದವು. ಕೊನೆಗೆ ಬಿಚ್ಚಿತು. ಚಾಚಿದ ಅಂಗೈಯನ್ನು ಮುಟ್ಟುವ ಧೈರ್ಯವಾಗದೆ, ಮೇಜಿನ ಮೇಲಿದ್ದ ಹಾಳೆಯ ಮೇಲೆ, ಮೊದಲನೆಯ ಹೆಸರಿನ ಮೇಲೆ, ಸದ್ದಾಗದಂತೆ ಕೀಲಿಕೈ ಇಟ್ಟ.